ನಂಜುಂಡಯ್ಯನವರ ಮೊದಲನೇ ಡಿಕಾಕ್ಷನ್

ಸುಂದರಮ್ಮ: ಮೊದಲು ಆ ಫಿಲ್ಟರ್ ಕೆಳಗಿಡ್ರೀ!

ನಂಜುಂಡಯ್ಯ: ಇಡಲ್ಲ. ಇವತ್ತಿಂದ ಈ ಮನೇಲಿ ಕಾಫಿ ಮಾಡೋನು ನಾನು.

ಸುಂದರಮ್ಮ: ಇನ್ನೂ ಬೆಳಕೇ ಹರಿದಿಲ್ಲ, ಅಡುಗೆಮನೇಲಿ ಡಬ್ಬಿ ಸದ್ದು. ಕಳ್ಳ ಬಂದ್ನೇನೋ ಅಂತ ಲಟ್ಟಣಿಗೆ ಹಿಡ್ಕೊಂಡು ಓಡಿ ಬಂದೆ.

ನಂಜುಂಡಯ್ಯ: ಕಳ್ಳ ಅಲ್ಲ ಅಂತ ಗೊತ್ತಾಯ್ತಲ್ಲ, ಇನ್ನು ಅದನ್ನ ಇಳಿಸು.

ಸುಂದರಮ್ಮ: ನೀವು ಫಿಲ್ಟರ್ ಇಡಿ, ನಾನು ಲಟ್ಟಣಿಗೆ ಇಡ್ತೀನಿ.

ನಂಜುಂಡಯ್ಯನವರು ಫಿಲ್ಟರನ್ನು ಎದೆಗೆ ಇನ್ನಷ್ಟು ಒತ್ತಿಕೊಂಡರು. ಅಂಚೆ ಇಲಾಖೆಯಿಂದ ನಿವೃತ್ತರಾಗಿ ಬಂದ ದಿನದ ಹಾರ ಇನ್ನೂ ಒಣಗಿರಲಿಲ್ಲ, ಆಗಲೇ ಕೃಷ್ಣಮೂರ್ತಿಪುರದ ಆ ಮನೆಯನ್ನು ಸುಧಾರಿಸಲು ಹೊರಟಿದ್ದರು. ಬಟ್ಟೆ ಒಣಗಿಸುವ ತಂತಿ ಸುಧಾರಣೆಯಾಗಿ ಮೊಳದೆತ್ತರ ಮೇಲೆ ಹೋಗಿತ್ತು. ದೇವರಮನೆಯ ದೀಪದ ಬತ್ತಿ ಸುಧಾರಣೆಯಾಗಿ ಆರಿಹೋಗಿತ್ತು. ಸುಂದರಮ್ಮ ಎಲ್ಲಕ್ಕೂ ಹೂಂಗುಟ್ಟಿದ್ದರು. ಫಿಲ್ಟರಿನ ವಿಷಯಕ್ಕೆ ಮಾತ್ರ ತಿರುಗಿ ಬಿದ್ದರು.

ನಂಜುಂಡಯ್ಯ: ಇಷ್ಟು ವರ್ಷ ನಂಗೆ ನೀನು ಕಾಫಿ ಮಾಡಿಕೊಟ್ಟೆ. ಇನ್ಮೇಲೆ ನಿಂಗೆ ನಾನು ಮಾಡಿಕೊಡ್ತೀನಿ. ನೀನು ಆರಾಮಾಗಿ ಮಲಕ್ಕೋ.

ಸುಂದರಮ್ಮ: ನಂಗೆ ಈ ಹೊತ್ತಲ್ಲಿ ನಿದ್ದೆ ಬರಲ್ಲ.

ನಂಜುಂಡಯ್ಯ: ಬರದಿದ್ರೆ ಸುಮ್ನೆ ಮಲಕ್ಕೋ.

ಸುಂದರಮ್ಮ: ಸುಮ್ನೆ ಮಲಗಕ್ಕೆ ನಾನೇನು ಬಾಣಂತೀನಾ? ಅಕ್ಕಪಕ್ಕದೋರು ಏನಂದ್ಕೋತಾರೆ?

ನಂಜುಂಡಯ್ಯ: ಹೆಂಡ್ತಿಗೆ ಕಾಫಿ ಮಾಡಿಕೊಡೋ ಗಂಡ ಅಂತಾರೆ.

ಸುಂದರಮ್ಮ: ನಿಮ್ಮನ್ನ ಹಾಗಂತಾರೆ. ನನ್ನ, ಗಂಡನ ಕೈಲಿ ಕಾಫಿ ಮಾಡಿಸೋ ಘಟವಾಣಿ ಅಂತಾರೆ.

ನಂಜುಂಡಯ್ಯ: ಅದೇನು ಅವರು ಹೊಸದಾಗಿ ಹೇಳ್ಬೇಕಾ?

ನಡುಮನೆಯಲ್ಲಿ ಚಾಪೆ ಸರಿದ ಸದ್ದಾಯಿತು. ಮಂಡಿ ಹಿಡಿದುಕೊಂಡು, ಕನ್ನಡಕ ಹುಡುಕುತ್ತ, ವಿಶಾಲಾಕ್ಷಮ್ಮ ಬಾಗಿಲಿಗೆ ಬಂದರು. ಇವರು ನಂಜುಂಡಯ್ಯನವರ ಅಕ್ಕ. ಯಾವುದೋ ನಾಮಕರಣಕ್ಕೆಂದು ಚಾಮರಾಜನಗರದಿಂದ ಬಂದವರು, ನಾಮಕರಣ ಮುಗಿದ ಮೇಲೂ ಉಳಿದಿದ್ದರು. ತಮ್ಮನಿಗೆ ಅಕ್ಕನೆಂದರೆ ತಾಯಿಯ ಸಮಾನ, ತನ್ನ ಪರ ಮಾತಾಡುವವರೆಗೆ.

ವಿಶಾಲಾಕ್ಷಮ್ಮ: ಏನೋ ನಂಜೂ ಇದು, ಬೆಳಗ್ಗೆ ಬೆಳಗ್ಗೆ?

ನಂಜುಂಡಯ್ಯ: ಅಕ್ಕಾ, ಸರಿಯಾದ ಹೊತ್ತಿಗೆ ಬಂದೆ. ನೀನೇ ನ್ಯಾಯ ಹೇಳು. ಇವಳಿಗೆ ವಿಶ್ರಾಂತಿ ಇರ್ಲಿ ಅಂತ ನಾನು ಕಾಫಿ ಮಾಡ್ತೀನಿ ಅಂದ್ರೆ, ಲಟ್ಟಣಿಗೆ ತೋರಿಸ್ತಾಳೆ.

ವಿಶಾಲಾಕ್ಷಮ್ಮ: ಮಾಡ್ತೀಯಾ ಸರಿ. ಯಾರಿಗೆ ಯಾವುದು ಕೊಡ್ತೀಯ?

ನಂಜುಂಡಯ್ಯ: ಅದರಲ್ಲೇನು ಬದಲಾವಣೆ? ನಮ್ಮನೆ ಪದ್ಧತಿ. ಮೊದಲನೇ ಡಿಕಾಕ್ಷನ್ ನಂಗೆ, ಎರಡನೇದು ಇವಳಿಗೆ. ಅಪ್ಪಂಗೆ ಅಮ್ಮ ಹಾಗೇ ತಾನೆ ಕೊಡ್ತಿದ್ದಿದ್ದು?

ವಿಶಾಲಾಕ್ಷಮ್ಮ: ಹೂಂ. ಅಪ್ಪ ಹಾಗೇ ಅಂತಿದ್ರು.

ನಂಜುಂಡಯ್ಯ: ಅಂತಿದ್ರು ಅಂದ್ರೆ? ಕುಡೀತಿದ್ರು! ಗಟ್ಟಿ ಮೊದಲನೇದೆಲ್ಲ ಅಪ್ಪಂಗೆ ಬಸಿದುಕೊಟ್ಟು, ಮತ್ತೆ ನೀರು ಹುಯ್ದು ಇಳಿಸಿದ ನೀರುನೀರು ಎರಡನೇದನ್ನ ಪಾಪ ಅಮ್ಮ ಕುಡೀತಿದ್ಲು. ಎಂಥಾ ತ್ಯಾಗ! ಇವಳೂ ಹಾಗೇ, ಇಲ್ಲ ಅನ್ನಲ್ಲ. ಮದುವೆ ಆದಾಗಿಂದ ನಾನು ಮೊದಲನೇದು ಬಿಟ್ಟು ಬೇರೆ ಕುಡಿದಿಲ್ಲ. ಎರಡನೇದು ನಾಲಗೆ ತುದಿಗೆ ತಾಗಿದ್ರೆ ಸಾಕು, ಹಿಡಿದುಬಿಡ್ತೀನಿ. ಪಾರ್ಕಲ್ಲಿ ಯಾರನ್ನ ಬೇಕಾದ್ರೂ ಕೇಳು.

ಅಕ್ಕ ಮೇಲಿನ ಸೂರು ನೋಡಿದರು. ಹೆಂಡತಿ ಕೆಳಗಿನ ನೆಲ ನೋಡಿದರು. ಅಷ್ಟರಲ್ಲಿ ಗೇಟಿನಲ್ಲಿ ಹಾಲಿನವನ ಸೈಕಲ್ ಗಂಟೆ ಕೇಳಿಸಿತು. ನಂಜುಂಡಯ್ಯನವರು ಫಿಲ್ಟರನ್ನು ಕಂಕುಳಲ್ಲೇ ಇಟ್ಟುಕೊಂಡು ಪಾತ್ರೆ ಹಿಡಿದು ಹೊರಟರು.

ವಿಶಾಲಾಕ್ಷಮ್ಮ: ಸುಂದರೀ, ಎಷ್ಟು ವರ್ಷದಿಂದ?

ಸುಂದರಮ್ಮ: ಏನು ಅತ್ತಿಗೆ?

ವಿಶಾಲಾಕ್ಷಮ್ಮ: ನನ್ನ ಹತ್ರ ಕಣ್ಣು ಪಿಳಿಪಿಳಿ ಬಿಡ್ಬೇಡ ಕಣೇ. ಮೊದಲನೇದು ಯಾರು ಕುಡೀತಿರೋದು?

ಸುಂದರಮ್ಮ: (ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ) ನಾನೇ. ಮನೆ ತುಂಬಿಸಿಕೊಂಡ ವಾರವೇ ಅತ್ತೆ ಹೇಳಿಕೊಟ್ರು. "ಗಂಡಸ್ರು ಏಳೋದ್ರೊಳಗೆ ಮೊದಲನೇದು ನೀನು ಕುಡಿದುಬಿಡು. ಆಮೇಲೆ ಅದೇ ಪುಡಿ ಮೇಲೆ ನೀರು ಹಾಕಿ ಇಳಿಸು. ಅದನ್ನ ಮೊದಲನೇದು ಅಂತ ಕೊಡು. ಹೆಸರಲ್ಲೇ ಅವರಿಗೆ ಬೇಕಾದಷ್ಟು ಗಟ್ಟಿ ಇರುತ್ತೆ" ಅಂದ್ರು.

ವಿಶಾಲಾಕ್ಷಮ್ಮ: ನನ್ನ ಮದುವೇಲೂ ಅಮ್ಮ ಅದನ್ನೇ ಹೇಳಿ ಕಳಿಸಿದ್ಲು. ಒಡವೆ ಹಾಕಕ್ಕಾಗ್ಲಿಲ್ಲ, ಇದನ್ನಾದ್ರೂ ತಗೊಂಡು ಹೋಗು ಅಂತ. ನಮ್ಮನೆಯವರು ಹೋಗೋವರೆಗೂ ಎರಡನೇದನ್ನ ಕುಡ್ಕೊಂಡು ಮೊದಲನೇದನ್ನ ಹೊಗಳಿದ್ರು.

ಸುಂದರಮ್ಮ: ಅತ್ತಿಗೆ, ಈ ಹೊತ್ತಲ್ಲಿ ಲೋಟ ಹಿಡ್ಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತ್ಕೋತೀನಿ. ಸುಂದರೀ ಟವೆಲ್ಲೆಲ್ಲಿ, ಸುಂದರೀ ಕನ್ನಡಕ ಎಲ್ಲಿ ಅಂತ ಯಾರೂ ಕೂಗಲ್ಲ. ಇಡೀ ದಿನದಲ್ಲಿ ನಂದು ಅಂತ ಇರೋದು ಅದೊಂದೇ. ಅದನ್ನ ಈ ಮನುಷ್ಯ ಪ್ರೀತಿಯಿಂದ ಕಿತ್ಕೋತಿದಾರೆ. ದ್ವೇಷದಿಂದ ಕಿತ್ಕೊಂಡಿದ್ರೆ ನೆಟ್ಟಗೆ ಒಂದು ಜಗಳನಾದ್ರೂ ಆಡಬಹುದಿತ್ತು.

ವಿಶಾಲಾಕ್ಷಮ್ಮ: ಅದೂ ಅಲ್ದೆ, ನಿಜವಾದ ಮೊದಲನೇದು ಇವತ್ತು ಅವನ ಬಾಯಿಗೆ ಬಿದ್ರೆ...

ಸುಂದರಮ್ಮ: ಅದಕ್ಕೇ ನಂಗೆ ಕೈಕಾಲು ನಡುಗ್ತಿರೋದು!

ನಂಜುಂಡಯ್ಯ: (ಒಳಗೆ ಬರುತ್ತ) ಯಾಕೆ, ಚಳೀನಾ? ಇರು, ಬಿಸಿಬಿಸಿ ಕಾಫಿ ಕೊಡ್ತೀನಿ.

ಹಾಲು ಒಲೆಯ ಮೇಲೆ ಕೂತಿತು. ಇನ್ನೊಂದು ಒಲೆಯಲ್ಲಿ ನೀರು ಮರಳತೊಡಗಿತು. ನಂಜುಂಡಯ್ಯನವರು ತೋಳು ಮಡಿಸಿ ಪುಡಿಯ ಡಬ್ಬಿ ತೆರೆದರು.

ನಂಜುಂಡಯ್ಯ: ಎಷ್ಟು ಪುಡಿ ಹಾಕ್ಬೇಕು?

ಸುಂದರಮ್ಮ: (ಆಸೆಯಿಂದ) ಒಂದೇ ಚಮಚ ಸಾಕು.

ನಂಜುಂಡಯ್ಯ: ಮೂರು ಜನಕ್ಕೆ ಒಂದು ಚಮಚನಾ? ನನ್ನನ್ನ ಏನಂದ್ಕೊಂಡಿದೀಯ? ನಿನ್ನೆ ನೀನು ಪುಡಿ ಹಾಕೋದನ್ನ ಕಿಟಕಿಯಿಂದ ನೋಡ್ಕೊಂಡು ಹೋಗಿ ಮತ್ತೆ ಮಲಗ್ಲಿಲ್ವಾ? ಇಷ್ಟು, ಇನ್ನಿಷ್ಟು. ಆಮೇಲೆ?

ಸುಂದರಮ್ಮ: ಬಿಲ್ಲೆ ಇಟ್ಟು ಮೆಲ್ಲಗೆ ಒತ್ತಬೇಕು.

ನಂಜುಂಡಯ್ಯನವರು ಹಿಡಿಕೆಯಿರುವ ಬಿಲ್ಲೆಯನ್ನು ಪುಡಿಯ ಮೇಲಿಟ್ಟು, ಸೇವಾವಧಿಯ ಅನುಭವವನ್ನೆಲ್ಲ ಅಂಗೈಗೆ ತಂದುಕೊಂಡು ಠಪ್ ಎಂದು ಹೊಡೆದರು.

ವಿಶಾಲಾಕ್ಷಮ್ಮ: ಲೋ, ಅದು ಕಾಫಿಪುಡಿ ಕಣೋ, ರಿಜಿಸ್ಟರ್ಡ್ ಪೋಸ್ಟ್ ಅಲ್ಲ!

ನಂಜುಂಡಯ್ಯ: ಠಸ್ಸೆ ಸರಿಯಾಗಿ ಬೀಳದಿದ್ರೆ ಯಾವುದೂ ಮುಂದಕ್ಕೆ ಹೋಗಲ್ಲಕ್ಕ.

ಠಸ್ಸೆ ಸರಿಯಾಗಿಯೇ ಬಿದ್ದಿತ್ತು, ಆದರೆ ಏನೂ ಮುಂದಕ್ಕೆ ಹೋಗಲಿಲ್ಲ. ನೀರು ಹುಯ್ದು, ಮುಚ್ಚಳ ಮುಚ್ಚಿ, ಮೂವರೂ ಫಿಲ್ಟರನ್ನು ಸುತ್ತುವರಿದು ಕೂತರು.

ವಿಶಾಲಾಕ್ಷಮ್ಮ: ಇಳೀತಾ?

ನಂಜುಂಡಯ್ಯ: ಎಲ್ಲಿ? ಒಂದು ಹನೀನೂ ಇಲ್ಲ.

ವಿಶಾಲಾಕ್ಷಮ್ಮ: ಅಯ್ಯೋ, ಮಾತ್ರೆ ತಗೋತಿದೀಯೋ ಇಲ್ವೋ?

ನಂಜುಂಡಯ್ಯ: ಇದಕ್ಕೆಂಥಾ ಮಾತ್ರೆ? ಚಮಚದಲ್ಲಿ ಎರಡು ಬಡಿದ್ರೆ ತಾನಾಗಿ ಇಳಿಯುತ್ತೆ.

ವಿಶಾಲಾಕ್ಷಮ್ಮ: ಚಮಚದಲ್ಲಿ ಬಡಿದ್ರಾ! ಯಾವ ಡಾಕ್ಟರಪ್ಪ ಅವನು?

ಸುಂದರಮ್ಮ: ಅತ್ತಿಗೆ ನಿಮ್ಮ ಬಿ.ಪಿ. ಕೇಳ್ತಿದಾರೆ ರೀ.

ನಂಜುಂಡಯ್ಯ: ಓ, ಅದಾ! ಅದು ನಿನ್ನೆ ಇಳಿದಿತ್ತು. ಈ ಫಿಲ್ಟರ್ ನೋಡ್ತಾ ನೋಡ್ತಾ ಈಗ ಏರ್ತಿದೆ.

ಅವರು ಫಿಲ್ಟರಿನ ತಲೆಗೆ ಕುಟ್ಟಿದರು, ಪಕ್ಕೆಗೆ ಕುಟ್ಟಿದರು, ಮುಚ್ಚಳ ತೆಗೆದು ಊದಿದರು. ಕೊನೆಗೂ ಮನಸ್ಸು ಕರಗಿತೆಂಬಂತೆ ಕೆಳಗಿನ ಪಾತ್ರೆಯಲ್ಲಿ ಟಪ್ ಎಂದಿತು. ಆ ಮೇಲೆ ತಡೆತಡೆದು ಇಳಿದದ್ದು ಅಪ್ಪಟ ಮೊದಲನೇ ಡಿಕಾಕ್ಷನ್, ಹರಳೆಣ್ಣೆಯಷ್ಟು ಮಂದ. ಅದರ ಪರಿಮಳ ಮನೆಯೆಲ್ಲ ಹಬ್ಬಿತು. ಸುಂದರಮ್ಮ ಉಗುಳು ನುಂಗಿದರು. ನಂಜುಂಡಯ್ಯನವರು ಹಾಲು, ಸಕ್ಕರೆ ಬೆರೆಸಿ, ಲೋಟದಿಂದ ಬಟ್ಟಲಿಗೆ ಎತ್ತರದಿಂದ ಸುರಿದು, ಸ್ವಲ್ಪ ನೆಲಕ್ಕೂ ಕುಡಿಸಿ, ನೊರೆ ಎಬ್ಬಿಸಿ, ಪಾರ್ಕಿನ ಗೆಳೆಯರೆಲ್ಲ ನೋಡುತ್ತಿದ್ದಾರೆಂಬಂತೆ ದೊಡ್ಡದೊಂದು ಗುಟುಕು ಹೀರಿದರು.

ಹೀರಿದವರು ನುಂಗಲಿಲ್ಲ. ಕಣ್ಣು ಅಗಲವಾಯಿತು, ಕಿವಿ ಕೆಂಪಾಯಿತು.

ವಿಶಾಲಾಕ್ಷಮ್ಮ: ನುಂಗೋ! ವಿಷ ಕುಡಿದ ಸ್ವಾಮಿ ಹೆಸರಿಟ್ಟಿದ್ದಾರೆ ನಿಂಗೆ. ನಂಜುಂಡ ಅನ್ನಿಸ್ಕೊಂಡು ಒಂದು ಗುಟುಕು ಕಾಫಿ ಇಳಿಸಕ್ಕಾಗಲ್ವಾ?

ನಂಜುಂಡಯ್ಯ: (ಕಷ್ಟದಿಂದ ನುಂಗಿ) ಪುಡಿ ಕೆಟ್ಟಿದೆ.

ಸುಂದರಮ್ಮ: ನಿನ್ನೆ ಕುಡಿದಿದ್ದು ಅದೇ ಡಬ್ಬೀದು.

ನಂಜುಂಡಯ್ಯ: ನೀರು ಸರಿಯಿಲ್ಲ.

ಸುಂದರಮ್ಮ: ಅದೇ ನಲ್ಲಿ.

ನಂಜುಂಡಯ್ಯ: ಹಾಲೂ ಅದೇ. ಅಲ್ಲಾ, ಅದೇ ಪುಡಿ, ಅದೇ ನೀರು, ಅದೇ ಹಾಲು. ಅಳತೆ ನಾನೇ ಕಣ್ಣಾರೆ ನೋಡಿ ಕಲಿತಿದ್ದು. ಹಾಗಿದ್ಮೇಲೆ ನೀನು ದಿನಾ ಕೊಡೋದಕ್ಕೂ ಇದಕ್ಕೂ ಯಾಕೆ ಇಷ್ಟು ವ್ಯತ್ಯಾಸ?

ನಂಜುಂಡಯ್ಯನವರು ಹುಬ್ಬು ಗಂಟಿಕ್ಕಿ ಹೆಂಡತಿಯನ್ನು ನೋಡಿದರು, ಅಕ್ಕನನ್ನು ನೋಡಿದರು, ಫಿಲ್ಟರನ್ನು ನೋಡಿದರು. ವಿಳಾಸವಿಲ್ಲದ ಕಾಗದವನ್ನು ಹೀಗೆಯೇ ತಿರುಗಿಸಿ ತಿರುಗಿಸಿ ನೋಡಿ ಯಜಮಾನನನ್ನು ಪತ್ತೆ ಮಾಡಿದ ಕೀರ್ತಿ ಅವರಿಗಿತ್ತು.

ನಂಜುಂಡಯ್ಯ: ಗೊತ್ತಾಯ್ತು.

ಸುಂದರಮ್ಮ: (ಸೆರಗು ಹಿಂಡುತ್ತ) ರೀ, ನಾನೇ ಹೇಳ್ಬೇಕು ಅಂತಿದ್ದೆ...

ನಂಜುಂಡಯ್ಯ: ನೀನೇನು ಹೇಳೋದು? ಕೈಗುಣ! ನಿನ್ನ ಕೈಗುಣ ನಂಗಿಲ್ಲ. ಇದು ಮೊದಲನೇದೇ ಅಲ್ಲ ಬಿಡು. ಮೊದಲನೇದು ಹೇಗಿರುತ್ತೆ ಅಂತ ನಂಗೆ ಗೊತ್ತಿಲ್ವಾ? ಹಗುರ, ನಯ, ತಿಳಿ!

ವಿಶಾಲಾಕ್ಷಮ್ಮನವರಿಗೆ ಕೆಮ್ಮು ಬಂತು. ಸೆರಗು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದರು.

ನಂಜುಂಡಯ್ಯ: ನೋಡು, ವಾಸನೆಗೇ ಅಕ್ಕಂಗೆ ಕೆಮ್ಮು ಬಂತು. ಕೆಳಗೆ ಉಳಿದಿರೋದನ್ನೂ ಬಚ್ಚಲಿಗೆ ಸುರಿದುಬಿಡ್ತೀನಿ.

ಸುಂದರಮ್ಮ: (ಕಿರುಚಿ) ಬೇಡಾ!

ನಂಜುಂಡಯ್ಯ: ಯಾಕೇ?

ಸುಂದರಮ್ಮ: ಅದು... ನೀವು ಮೊದಲನೇ ಸಲ ಕೈಯಾರೆ ಮಾಡಿದ್ದು. ಚೆಲ್ಲಕ್ಕೆ ನಂಗೆ ಮನಸ್ಸು ಬರಲ್ಲ. ನಾನೇ ಹೇಗೋ ಕುಡೀತೀನಿ.

ವಿಶಾಲಾಕ್ಷಮ್ಮ: ಅವಳೊಬ್ಬಳೇ ಯಾಕೆ ಕಷ್ಟಪಡ್ಬೇಕು? ನಂಗೂ ಒಂದು ಲೋಟ ಹಾಕು. ಅಕ್ಕ ಅಂತ ಇನ್ಯಾತಕ್ಕೆ ಇರೋದು?

ನಂಜುಂಡಯ್ಯನವರ ಕಣ್ಣಂಚು ಒದ್ದೆಯಾಯಿತು. ಈ ಹೆಂಗಸರ ಋಣ ಹೇಗೆ ತೀರಿಸುವುದೆಂದು ತಿಳಿಯದೆ, ಅವರಿಗೆ ಕುಡಿದ ಮೇಲೆ ಬಾಯಿ ತೊಳೆಯಲಾದರೂ ನೆಟ್ಟಗಿನ ಎರಡನೇದು ಇರಲಿ ಎಂದು, ಉಳಿದದ್ದಕ್ಕೆ ಹಾಲು ಬೆರೆಸಿ ಅವರಿಬ್ಬರ ಲೋಟಗಳಿಗೆ ಹಾಕಿಟ್ಟು, ಅದೇ ಪುಡಿಯ ಮೇಲೆ ಮತ್ತೆ ನೀರು ಹುಯ್ದರು. ಈ ಸಲ ಅದು ಸರಸರನೆ ಇಳಿಯಿತು. ಹಾಲು ಬೆರೆಸಿ, ಸರಿಯಾಗಿದೆಯೋ ಎಂದು ಚಮಚದಲ್ಲಿ ರುಚಿ ನೋಡಿದರು. ಇನ್ನೊಂದು ಚಮಚ ನೋಡಿದರು. ಚಮಚ ಬಿಟ್ಟು ಲೋಟವನ್ನೇ ಎತ್ತಿದರು.

ನಂಜುಂಡಯ್ಯ: ಸುಂದರೀ! ಬಂತು ಕಣೇ, ಮೊದಲನೇದು! ಹಗುರ, ನಯ, ತಿಳಿ. ಥೇಟ್ ನಿನ್ನ ಕೈ ಕಾಫಿ!

ಸುಂದರಮ್ಮ: ಅದು ಎರಡನೇ ಸಲ ನೀರು ಹಾಕಿದ್ದಲ್ವಾ ರೀ?

ನಂಜುಂಡಯ್ಯ: ಅಲ್ಲೇ ಇರೋದು ರಹಸ್ಯ. ಅಕ್ಕಿ ತೊಳೆಯದೆ ಅನ್ನಕ್ಕಿಡ್ತೀಯಾ? ಹಾಗೇ ಇದು. ಮೊದಲು ಇಳಿಯೋದು ಪುಡಿ ತೊಳೆದ ನೀರು. ಅದರ ಕೊಳೆ, ಕಹಿ, ಪಿತ್ತ ಎಲ್ಲ ಹೋದ್ಮೇಲೆ ಇಳಿಯುತ್ತಲ್ಲ, ಅದು ಮೊದಲನೇ ಡಿಕಾಕ್ಷನ್. ನೀನು ಇಷ್ಟು ವರ್ಷ ತೊಳೆದು ಚೆಲ್ತಾ ಇದ್ದೆ, ನಂಗೊಂದು ಮಾತು ಹೇಳ್ಲಿಲ್ಲ!

ಸುಂದರಮ್ಮ: ಚೆಲ್ತಿರ್ಲಿಲ್ಲ ರೀ. ಕುಡೀತಿದ್ದೆ.

ಬಾಯಿ ತಪ್ಪಿ ನಿಜ ಹೊರಬಿದ್ದಿತ್ತು. ವಿಶಾಲಾಕ್ಷಮ್ಮ ಕಣ್ಣು ಮುಚ್ಚಿಕೊಂಡರು. ನಂಜುಂಡಯ್ಯನವರು ಲೋಟವನ್ನು ಕೆಳಗಿಟ್ಟರು.

ನಂಜುಂಡಯ್ಯ: ಕುಡೀತಿದ್ದೆಯಾ? ಆ ತೊಳೆದ ನೀರನ್ನ? ದಿನಾ?

ಸುಂದರಮ್ಮ: ...ಹೂಂ.

ನಂಜುಂಡಯ್ಯ: ಸುಂದರೀ! ಲಕ್ಷಣವಾಗಿರೋದನ್ನೆಲ್ಲ ನಂಗೆ ಕೊಟ್ಟು, ಆ ಕಷಾಯ ಕುಡ್ಕೊಂಡು ಬಾಯಿ ಮುಚ್ಕೊಂಡಿದ್ಯಲ್ಲೇ! ಅಮ್ಮನ್ನೂ ಮೀರಿಸಿಬಿಟ್ಟೆ. ನಾಳೆಯಿಂದ ಅರ್ಧ ಲೋಟ ಅದು ನಂಗೂ ಇರ್ಲಿ, ಇಬ್ಬರೂ ಹಂಚ್ಕೊಂಡು ಅನುಭವಿಸೋಣ.

ಸುಂದರಮ್ಮ: ಛೆ ಛೆ! ನಿಮ್ಮ ಬಿ.ಪಿ.ಗೆ ಅದು ಆಗಲ್ಲ. ನಂಗೆ ಅಭ್ಯಾಸ ಆಗಿಹೋಗಿದೆ, ನಾನೇ ಕುಡೀತೀನಿ. ಪೂರ್ತಿ.

ನಂಜುಂಡಯ್ಯ: ಹಾಗಾದ್ರೆ ಒಂದು ಉಪಕಾರ ಮಾಡು. ನಾಳೆಯಿಂದ ನಾನೇ ಎದ್ದು ಪುಡಿ ತೊಳೆದು ಆ ನೀರು ನಿನ್ನ ಕೈಗೆ ಕೊಡ್ತೀನಿ. ನನ್ನೆದುರಿಗೆ ಮಾತ್ರ ಕುಡೀಬೇಡ, ನಂಗೆ ನೋಡಕ್ಕಾಗಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕೂತು ನಿಧಾನವಾಗಿ ಮುಗಿಸ್ಕೊಂಡು ಬಾ. ಅಲ್ಲಿವರೆಗೂ ನಾನು ನಿನ್ನನ್ನ ಕೂಗಲ್ಲ.

ಅತ್ತಿಗೆ, ನಾದಿನಿ ತಮ್ಮ ತಮ್ಮ ಲೋಟ ಹಿಡಿದು ಹಿತ್ತಲಿಗೆ ಹೋದರು. ಮೆಟ್ಟಿಲ ಮೇಲೆ ಕೂತು ಸುಂದರಮ್ಮ ಮೊದಲ ಗುಟುಕು ಹೀರಿ, ಕಣ್ಣು ಮುಚ್ಚಿ, ಮುಖ ಅರಳಿಸಿದರು.

ವಿಶಾಲಾಕ್ಷಮ್ಮ: ನಗಬೇಡ ಕಣೇ, ಕಿಟಕೀಲಿ ನಿಂತು ಕಣ್ಣೊರೆಸ್ಕೋತಿದಾನೆ. ಮುಖ ಸ್ವಲ್ಪ ಕಹಿ ಮಾಡ್ಕೊಂಡು ಕುಡಿ!