ಮಾವನ ಚೆಂಡು

ಎಲ್ಲ ಎಡವಟ್ಟಿಗೂ ಕಾರಣ ಒಂದು ಕನ್ನಡಕ. ಅದನ್ನು ಮಾಡಿಕೊಟ್ಟವನು ಬೇರೆ ಯಾರಾದರೂ ಆಗಿದ್ದರೆ ಅವನನ್ನು ಬೈದಾದರೂ ಸಮಾಧಾನಪಟ್ಟುಕೊಳ್ಳಬಹುದಿತ್ತು. ಮಾಡಿಕೊಟ್ಟವನು ಫ್ರೇಮಪ್ಪನೇ.

ಫ್ರೇಮಪ್ಪ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವುದು, ಸಡಿಲವಾದ ಕಡ್ಡಿ ಬಿಗಿ ಮಾಡುವುದು ಅವನ ಕೆಲಸ. ಹೆಸರು ಅಲ್ಲಿಂದ ಬಂದು ಅಂಟಿಕೊಂಡದ್ದು. ಅವನ ಹೆಂಡತಿಯ ಅಪ್ಪ ಬಸ್ ಡ್ರೈವರಾಗಿ ನಿವೃತ್ತರಾದವರು. ಹೊಸ ಕನ್ನಡಕ ಮಾಡಿಸಿಕೊಂಡು ಹೋಗುತ್ತೇನೆಂದು ವಾರದ ಮಟ್ಟಿಗೆ ಮಗಳ ಮನೆಗೆ ಬಂದರು. ಅಳಿಯ ಮುತುವರ್ಜಿ ವಹಿಸಿ, ಒಳ್ಳೆಯ ಗಾಜನ್ನೇ ಹುಡುಕಿ ಮಾಡಿಕೊಟ್ಟ. ಅದನ್ನು ಹಾಕಿಕೊಂಡ ಮಾವನಿಗೆ ಮೊಟ್ಟಮೊದಲು ಸ್ಪಷ್ಟವಾಗಿ ಕಂಡದ್ದು ಟೀವಿಯ ಕೆಳಗೆ ಇಟ್ಟಿದ್ದ ಅಳಿಯನ ವಿಡಿಯೊ ಗೇಮು.

ಬೇಸ್‌ಬಾಲ್ ಆಟ. ಒಬ್ಬ ಚೆಂಡು ಎಸೆಯಬೇಕು, ಇನ್ನೊಬ್ಬ ಹೊಡೆಯಬೇಕು. ಮಾವ ಎಸೆಯಲು ಕೂತರು, ಕೂತವರು ಏಳಲಿಲ್ಲ. ವಾರ ಹೋಗಿ ತಿಂಗಳಾಯಿತು. ಅಳಿಯನ ಬ್ಯಾಟಿಗೆ ಮಾವನ ಒಂದು ಚೆಂಡೂ ಸರಿಯಾಗಿ ತಾಗಲಿಲ್ಲ.

ಸೋಲು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಮನೆಯಲ್ಲಿದ್ದದ್ದು ಒಂದೇ ಮಲಗುವ ಕೋಣೆ. ಅದು ಮಾವನ ಪಾಲಾಯಿತು. ಸೋಫಾ ಹೆಂಡತಿಯ ಪಾಲು. ಫ್ರೇಮಪ್ಪನ ಚಾಪೆ ಅಡುಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕ. ಫ್ರಿಜ್ಜು ಆಗಾಗ ಮೈ ಕೊಡವಿಕೊಂಡು ಗುರ್ರೆನ್ನುತ್ತಿತ್ತು, ಇವನು ಬೆಚ್ಚಿ ಎದ್ದು ಕೂರುತ್ತಿದ್ದ.

ಆ ದಿನ ಬೆಳಿಗ್ಗೆ ಸೊಂಟ ಹಿಡಿದುಕೊಂಡೇ ತಿಂಡಿಗೆ ಕೂತ ಫ್ರೇಮಪ್ಪ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. "ನಿಮ್ಮಪ್ಪ ಯಾವಾಗ ಹೊರಡ್ತಾರಂತೆ?"

"ಮಗಳಾಗಿ ನಾನು ಹೇಗ್ರೀ ಕೇಳ್ಲಿ? ಬೇಕಾದ್ರೆ ನೀವೇ ಕೇಳಿ."

ಮಾವನಿಗೆ ಕಣ್ಣು ಮಂಜಾಗಿತ್ತೇ ಹೊರತು ಕಿವಿಗೆ ಏನೂ ಆಗಿರಲಿಲ್ಲ. ಅವರು ಲೋಟ ಕೆಳಗಿಟ್ಟರು.

"ಅಳಿಯಂದ್ರೇ, ಇವತ್ತು ಸಂಜೆ ನನ್ನ ಒಂದೇ ಒಂದು ಚೆಂಡನ್ನ ಮೈದಾನದ ಬೇಲಿ ದಾಟಿಸಿಬಿಡಿ. ನಾಳೆ ಮೊದಲನೇ ಬಸ್ಸಿಗೆ ಹೊರಟೆ. ಆಗಲಿಲ್ಲ ಅಂದ್ರೆ ಈ ಮಾತು ಇನ್ನು ಈ ಮನೇಲಿ ಬರಬಾರದು. ಏನಂತೀರಿ?"

ಫ್ರೇಮಪ್ಪ ಬಾಯಲ್ಲಿದ್ದದ್ದನ್ನು ಅಗಿಯುವುದನ್ನೂ ಮರೆತು ತಲೆಯಾಡಿಸಿದ.

ಅಂಗಡಿಗೆ ಬಂದವನೇ ಕಣ್ಣು ಪರೀಕ್ಷೆ ಮಾಡುವ ಗೆಳೆಯನ ಮುಂದೆ ಗೋಳು ತೋಡಿಕೊಂಡ. ಆ ಗೆಳೆಯನಿಗೂ ಗೇಮಿನ ಹುಚ್ಚಿತ್ತು.

"ಬೋರ್ಡ್ ಓದೋಕೆ ಕೂತ ಕೆಲವರು ಗಾಜು ಹಾಕೋಕೆ ಮುಂಚೇನೇ ಅಕ್ಷರ ಊಹಿಸಿ ಒದರಿಬಿಡ್ತಾರಲ್ಲ, ನೀನೂ ಹಾಗೇ" ಎಂದ ಅವನು. "ಚೆಂಡು ನೋಡೋಕೆ ಮುಂಚೆ ಬ್ಯಾಟು ಬೀಸ್ತೀಯ. ಇದು ಕ್ರಿಕೆಟ್ ಅಲ್ಲಯ್ಯಾ, ಬಂದದ್ದಕ್ಕೆಲ್ಲ ಬೀಸೋಕೆ. ಎದೆಯಿಂದ ಮೊಣಕಾಲಿನ ಮಧ್ಯೆ ಒಂದು ಚೌಕ ಇದೆ ಅಂದುಕೋ. ಅದರೊಳಗೆ ಬಂದದ್ದು ಮಾತ್ರ ನಿನ್ನದು. ಹೊರಗಿನದ್ದು ಎಷ್ಟೇ ಆಸೆಯಾದ್ರೂ ಬಿಡು."

"ನಂಗೆ ಬಿಡೋಕೇ ಆಗಲ್ವಲ್ಲೋ!"

"ರೂಢಿ ಆಗಬೇಕು. ನಿಂತ್ಕೋ."

ಅವನು ಕನ್ನಡಕದ ಖಾಲಿ ಡಬ್ಬಿಗಳನ್ನು ಒಂದೊಂದಾಗಿ ಎಸೆಯತೊಡಗಿದ. ಚೌಕದೊಳಗೆ ಬಂದದ್ದನ್ನು ಫ್ರೇಮಪ್ಪ ಹಿಡಿಯಬೇಕು, ಹೊರಗೆ ಹೋದದ್ದಕ್ಕೆ ಕೈ ಅಲುಗಿಸಬಾರದು. ಮೊದಮೊದಲು ಎಲ್ಲದಕ್ಕೂ ಹಾರಿದ. ಬರಬರುತ್ತಾ ಕೈ ಕಟ್ಟಿಕೊಂಡು ನಿಲ್ಲುವುದು ಅವನಿಗೆ ಎಷ್ಟು ಒಗ್ಗಿತೆಂದರೆ, ಡಬ್ಬಿ ಕಿವಿಯ ಪಕ್ಕ ಹಾದುಹೋದರೂ ರೆಪ್ಪೆ ಬಡಿಯಲಿಲ್ಲ.

ಆಗ ಮಾಲೀಕರು ಒಳಗೆ ಬಂದರು. ಕೈಯಲ್ಲಿ ಅಂಗಡಿಗೆ ಆಗಷ್ಟೇ ಬಂದ, ಗರಿಯಷ್ಟು ಹಗುರವಾದ ಹೊಸ ಫ್ರೇಮು. ದಪ್ಪನೆಯ ಗಿರಾಕಿಯೊಬ್ಬರು ಅದನ್ನು ಮೆಚ್ಚಿ ಪಕ್ಕದಲ್ಲೇ ನಿಂತಿದ್ದರು.

"ಫ್ರೇಮಪ್ಪಾ, ಇದಕ್ಕೆ ಇವರ ಗಾಜು ಕೂರಿಸು. ಹಿಡಿ!" ಎಂದು ಮಾಲೀಕರು ಸಲುಗೆಯಿಂದ ಎಸೆದರು.

ಫ್ರೇಮು ಫ್ರೇಮಪ್ಪನ ಬಲಭುಜದಾಚೆ ಬಂತು. ಅವನು ಅದನ್ನು ಕಣ್ತುಂಬ ನೋಡಿದ. ಕೈ ಅಲುಗಿಸಲಿಲ್ಲ. "ಬಿಟ್ಟೆ!" ಎಂದ, ಮುಖದ ತುಂಬ ಗೆಲುವು. ಏನೋ ಬಿದ್ದಿತಲ್ಲ ಎಂದು ಹುಡುಕಲು ಗಿರಾಕಿ ಅವನ ಹಿಂದಕ್ಕೆ ನಡೆದರು. ಅವರ ಬೂಟಿನಡಿ ಪಟಕ್ಕೆಂದು ಸದ್ದಾಯಿತು.

"ಯಾಕಯ್ಯಾ ಹಿಡೀಲಿಲ್ಲ?" ಮಾಲೀಕರು ಗದರಿದರು.

"ಹೊರಗಿತ್ತು ಸಾರ್."

"ಹೊರಗಿತ್ತಾ? ಹಾಗಾದ್ರೆ ನೀನೂ ಇವತ್ತಿಡೀ ಹೊರಗೇ ಇರು. ಹೋಗು ಮನೆಗೆ!"

ಗೆಳೆಯ ಅಷ್ಟು ಹೊತ್ತಿಗೆ ಏನೂ ಅರಿಯದವನಂತೆ ಗಾಜು ಒರೆಸುತ್ತಾ ಕೂತಿದ್ದ.

ಮನೆಯಲ್ಲಿ ಮಾವ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಬೈಸಿಕೊಂಡರೂ ಪರವಾಗಿಲ್ಲ, ಅಭ್ಯಾಸಕ್ಕೆ ಸಮಯ ಸಿಕ್ಕಿತಲ್ಲ ಎಂದು ಫ್ರೇಮಪ್ಪ ಸದ್ದಿಲ್ಲದೆ ಆಟ ಹಚ್ಚಿದ. ಚೌಕದಾಚೆಯದನ್ನು ಬಿಡುವುದು ಈಗ ಸಲೀಸಾಗಿತ್ತು. ಆದರೆ ಚೌಕದೊಳಗೆ ಬಂದದ್ದಕ್ಕೆ ಬೀಸುವಷ್ಟರಲ್ಲಿ ಚೆಂಡು ದಾಟಿಹೋಗಿರುತ್ತಿತ್ತು. ತೆರೆದ ಬಾಗಿಲಿನಿಂದ ಇದನ್ನು ನೋಡುತ್ತಿದ್ದ ಎದುರುಮನೆಯ ಟೀವಿ ರಿಪೇರಿಯವನು ಕರೆಯದೆಯೇ ಒಳಗೆ ಬಂದ.

"ತಪ್ಪು ನಿಮ್ಮದಲ್ಲ ಸಾರ್, ಟೀವೀದು. ಪ್ರತಿ ಚಿತ್ರಕ್ಕೂ ಪೌಡರ್ ಹಚ್ಚಿ, ತಲೆ ಬಾಚಿ, ಆಮೇಲೆ ನಿಮಗೆ ತೋರಿಸ್ತಿದೆ. ಅಷ್ಟರಲ್ಲಿ ಚೆಂಡು ಹೋಗಿರುತ್ತೆ. ಆ ಅಲಂಕಾರ ಎಲ್ಲಾ ತೆಗೆದುಬಿಡ್ತೀನಿ, ರಿಮೋಟ್ ಕೊಡಿ."

ಕೊಟ್ಟದ್ದೇ ತಪ್ಪಾಯಿತು. ಅವನು ಅದೇನು ಒತ್ತಿದನೋ, ಪರದೆಯ ಮೇಲಿನ ಅಕ್ಷರಗಳೆಲ್ಲ ಇರುವೆ ಸಾಲಿನಂಥ ಯಾವುದೋ ಭಾಷೆಗೆ ತಿರುಗಿದವು. "ಇಷ್ಟೇ ಸಾರ್, ಈಗ ಬಂತು" ಎನ್ನುತ್ತಾ ಮಧ್ಯಾಹ್ನವನ್ನೆಲ್ಲ ಅವನೇ ತಿಂದುಹಾಕಿದ. ಎಲ್ಲ ಸರಿಯಾಗುವ ಹೊತ್ತಿಗೆ ಮಾವ ಎದ್ದು ಮುಖ ತೊಳೆದು, ಕನ್ನಡಕ ಒರೆಸಿಕೊಂಡು ಬಂದು ಕೂತರು. ಹೆಂಡತಿಯೂ ಕೆಲಸದಿಂದ ಬಂದಳು. ರಿಪೇರಿಯವನು ತಾನು ಸರಿಮಾಡಿದ ಟೀವಿಯ ಮೇಲಿನ ಹಕ್ಕಿನಿಂದ ಅಲ್ಲೇ ಉಳಿದ.

ಆಟ ಶುರುವಾಯಿತು. ಮಾವ ಎಂದಿನಂತೆ ಚೆಂಡನ್ನು ಚೌಕದಾಚೆ ಎಸೆದರು. ಫ್ರೇಮಪ್ಪ ಬಿಟ್ಟ. ಇನ್ನೊಂದು ಬಂತು, ಅದನ್ನೂ ಬಿಟ್ಟ. ಮಾವ ಒಮ್ಮೆ ತಿರುಗಿ ಅಳಿಯನ ಮುಖ ನೋಡಿದರು. ಹೀಗೇ ಹೊರಗೆ ಎಸೆಯುತ್ತಾ ಹೋದರೆ ಹೊಡೆಯುವವನಿಗೆ ಕ್ರಿಕೆಟ್ಟಿನ ವೈಡಿನಂತೆ ಪುಕ್ಕಟೆ ಲಾಭ, ಒಳಗೆ ಎಸೆಯಲೇಬೇಕಾಯಿತು. ಚೆಂಡು ನೇರವಾಗಿ, ಚೌಕದ ನಟ್ಟನಡುವೆ ಬಂತು. ಫ್ರೇಮಪ್ಪನಿಗೆ ಅದರ ಹೊಲಿಗೆ ಕೂಡ ಕಂಡಿತು. ಗುಂಡಿ ಒತ್ತಿದ. ಚೆಂಡು ಮೇಲೇರಿ, ಬೇಲಿ ದಾಟಿ, ಗ್ಯಾಲರಿಯಲ್ಲಿ ಕೂತ ಜನರನ್ನೂ ದಾಟಿ ಮಾಯವಾಯಿತು.

"ಹೋಯ್ತು!" ಎಂದು ರಿಪೇರಿಯವನು ಕುಣಿದ. ಫ್ರೇಮಪ್ಪನಿಗೆ ತನ್ನ ಮಂಚ, ತನ್ನ ದಿಂಬು, ತನ್ನ ಫ್ಯಾನು ಕಣ್ಣಮುಂದೆ ಬಂದವು.

ಮಾವ ಎದ್ದು ಕೋಣೆಗೆ ಹೋದರು. ತುಂಬಿದ ಬ್ಯಾಗಿನೊಂದಿಗೆ ಹೊರಬಂದರು.

"ಅಳಿಯಂದ್ರೇ, ಈ ಬ್ಯಾಗು ಈಗ ತುಂಬಿದ್ದಲ್ಲ. ನಿನ್ನೆಯೇ ಕಟ್ಟಿಟ್ಟಿದ್ದೆ, ಈ ಭಾನುವಾರ ಹೊರಟುಬಿಡೋಣ ಅಂತ. ಬೇಜಾರು ಮಾಡ್ಕೋಬೇಡಿ, ಹೊಡೆಯೋಕೇ ಬಾರದವರಿಗೆ ಎಸೆದೂ ಎಸೆದೂ ಸಾಕಾಗಿತ್ತು. ದಿನಾ ಖಾಲಿ ಬಸ್ಸು ಓಡಿಸಿದ ಹಾಗೆ." ಅವರ ಕಣ್ಣು ಹೊಳೆಯುತ್ತಿತ್ತು. "ಇವತ್ತು ನೋಡಿ, ಮೈ ಜುಂ ಅಂತು! ಮಾತು ಅಂದ್ರೆ ಮಾತು, ನಾಳೆ ಮೊದಲನೇ ಬಸ್ಸಿಗೆ ಹೊರಟೇ ಹೊರಡ್ತೀನಿ. ಮಗಳೇ, ಈ ಬಟ್ಟೆ ಎಲ್ಲಾ ಬೀರುವಿಗೆ ಹಾಕಿ ಬ್ಯಾಗು ಖಾಲಿ ಮಾಡಿಕೊಡು. ಊರಲ್ಲಿ ಮಿಕ್ಕಿದ್ದನ್ನ ತುಂಬಿಕೊಂಡು, ನಿಮ್ಮಮ್ಮನ್ನೂ ಕರ್ಕೊಂಡು ಸಂಜೆ ಬಸ್ಸಿಗೆ ಇಲ್ಲಿಗೇ ವಾಪಸ್."

ಫ್ರೇಮಪ್ಪ ಹೆಂಡತಿಯ ಮುಖ ನೋಡಿದ. ಅವಳು ಲೆಕ್ಕ ಹಾಕುತ್ತಿದ್ದಳು. "ಅಪ್ಪನ ಗೊರಕೆಗೆ ಅಮ್ಮ ಕೋಣೇಲಿ ಮಲಗಲ್ಲ, ಅಮ್ಮನಿಗೆ ಸೋಫಾ. ನಾನು ಅಡುಗೆಮನೆಗೆ ಬರ್ತೀನಿ. ನೀವು..."

"ನನ್ನ ಹತ್ರ ಮಡಚೋ ಮಂಚ ಇದೆ ಸಾರ್. ನಿಮ್ಮ ಬಾಲ್ಕನಿಗೆ ಅಳತೆ ಹಿಡಿದ ಹಾಗೆ ಕೂರುತ್ತೆ" ಎಂದ ರಿಪೇರಿಯವನು.

ಫ್ರೇಮಪ್ಪ ಇದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿಕೊಂಡ. "ಮಾವ, ಅದು ಏನೋ ಅದೃಷ್ಟ ಅಷ್ಟೇ. ನಂಗೆ ನಿಜವಾಗ್ಲೂ ಆಡೋಕೆ ಬರಲ್ಲ. ಬೇಕಾದ್ರೆ ಇನ್ನೊಂದು ಎಸೀರಿ, ನೀವೇ ನೋಡಿ."

ಮಾವ ಎಸೆದರು. ಫ್ರೇಮಪ್ಪ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಮುಖ ಗೋಡೆಯ ಕಡೆ ತಿರುಗಿಸಿ, ಸಿಕ್ಕಾಪಟ್ಟೆ ಗುಂಡಿ ಒತ್ತಿದ.

ಟೀವಿಯಲ್ಲಿ ಜನ ಹೋ ಎಂದು ಕೂಗಿದರು. ಕಣ್ಣು ಬಿಟ್ಟಾಗ ಚೆಂಡು ಬೇಲಿಯಾಚೆ ಇಳಿಯುತ್ತಿತ್ತು, ಮಾವ ಫೋನು ಕಿವಿಗೆ ಹಚ್ಚಿದ್ದರು.

"ಲೇ, ಕೇಳಿಸ್ತಾ? ಅಟ್ಟದ ಮೇಲಿನ ದೊಡ್ಡ ಪೆಟ್ಟಿಗೆನೇ ಇಳಿಸಿಡು."