ಪಿಸ್ತೂಲು ತೂಕದ ಚಮಚ

ನಮ್ಮ ದೊಡ್ಡಪ್ಪನ ರಿವಾಲ್ವರಿಗೆ ಇದುವರೆಗೆ ಬಲಿಯಾಗಿರುವುದು ಒಂದೇ ಒಂದು, ಅದೂ ಅವನದೇ ಮನೆಯ ನೀರಿನ ಟ್ಯಾಂಕು. ಹೆಸರು ಹೇಳುವುದಿಲ್ಲ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಎಲ್ಲಿ ಇಳಿದು 'ಟ್ಯಾಂಕಿಗೆ ಗುಂಡು ಹೊಡೆದವರ ಮನೆ ಯಾವುದು' ಎಂದು ಕೇಳಿದರೂ ತೋರಿಸುತ್ತಾರೆ, ಹೆಸರು ಯಾಕೆ ಬೇಕು? ಇಷ್ಟು ದಿನ ಇದನ್ನು ಬರೆಯದೆ ಇದ್ದದ್ದು ದೊಡ್ಡಮ್ಮನ ಹೆದರಿಕೆಗೆ. ಗಂಡನನ್ನು ಆಡಿಕೊಳ್ಳುವ ಹಕ್ಕು ತನಗೊಬ್ಬಳಿಗೇ ಇರುವುದು, ಉಳಿದವರು ನಗಬಾರದು ಎನ್ನುವುದು ಅವಳ ಕಾನೂನು. ಈಗ ಅವಳಿಲ್ಲ, ಬರೆಯಬಹುದು. ಆದರೆ ಬರೆಯಲು ಕೂತರೆ ನಗು ಮೊದಲಿನ ಹಾಗೆ ಬರುತ್ತಿಲ್ಲ.

ಟ್ಯಾಂಕಿನ ಕತೆ ಇಷ್ಟೆ. ಮಾಳಿಗೆಯ ಮೇಲೆ ಒಣಗಲು ಹರವಿದ್ದ ಕಡಲೆಕಾಯಿಗೆ ಕೋತಿಗಳು ಬಂದವು. ಹೆದರಿಸೋಣ ಎಂದು ದೊಡ್ಡಪ್ಪ ಆಕಾಶಕ್ಕೆ ಗುಂಡು ಹೊಡೆದ. ಆಕಾಶ ಅಷ್ಟು ದೊಡ್ಡದಿದೆ, ಅದಕ್ಕೂ ಗುರಿ ತಪ್ಪಬೇಕೆ? ಟ್ಯಾಂಕಿನ ಹೊಟ್ಟೆಯಿಂದ ನೀರು ಚಿಮ್ಮಿತು. ಮೊದಲು ಓಡಿಹೋದ ಕೋತಿಗಳು ಸ್ವಲ್ಪ ಹೊತ್ತಿಗೆ ವಾಪಸು ಬಂದು ಆರಾಮಾಗಿ ಕುಡಿದವು. ದೊಡ್ಡಮ್ಮ ತೂತಿಗೆ ಜೋಳದ ಬೆಂಡು ಜಡಿಯುತ್ತಾ ಹೇಳಿದಳು, "ಕಾಯಿ ತಿಂದು ಬಾಯಾರಿದ್ವು ಪಾಪ. ನೀರು ಕುಡಿಸುದ್ರಲ್ಲ, ಪುಣ್ಯ ಬತ್ತದೆ ಬುಡಿ."

ಎಲೆಕ್ಷನ್ ಬಂದರೆ ಲೈಸೆನ್ಸ್ ಇರುವವರೆಲ್ಲ ತಮ್ಮ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಉಳಿದವರು ಒಪ್ಪಿಸಿ ಮರೆತುಬಿಡುತ್ತಾರೆ. ನಮ್ಮ ದೊಡ್ಡಪ್ಪ ಮಗಳನ್ನು ಹಾಸ್ಟೆಲಿಗೆ ಬಿಟ್ಟವನ ಹಾಗೆ ಸಂಕಟಪಡುತ್ತಿದ್ದ. ಎರಡು ದಿನಕ್ಕೊಮ್ಮೆ ಮೆತ್ತನೆ ಬಟ್ಟೆ, ಎಣ್ಣೆ ತೆಗೆದುಕೊಂಡು ಠಾಣೆಗೆ ಹೋಗಿ, "ವಸಿ ಒರೆಸ್ಕೊಟ್ಬುಡ್ತೀನಿ ಸಾಮಿ" ಎನ್ನುತ್ತಿದ್ದ. ಕಡೆಗೆ ಅಲ್ಲಿನ ಪೇದೆ ಕೈ ಮುಗಿದ: "ಗೌಡ್ರೆ, ಲಾಕಪ್‌ನಲ್ಲಿರೋರ ಹೆಂಡ್ರೂ ಇಷ್ಟು ಸಲ ನೋಡಕ್ಕೆ ಬರಲ್ಲ."

ಇಂಥ ಪ್ರೀತಿಯಿದ್ದವನಿಗೆ ಪಿಸ್ತೂಲು ಕಂಡರೆ ಮಾತ್ರ ಆಗುತ್ತಿರಲಿಲ್ಲ. ರಿವಾಲ್ವರಿನ ಗುಂಡುಗಳು ತಿರುಗುವ ಉರುಳೆಯಲ್ಲಿ ಕಣ್ಣಿಗೆ ಕಾಣುವಂತೆ ಕೂತಿರುತ್ತವೆ, ಪಿಸ್ತೂಲಿನವು ಹಿಡಿಯೊಳಗೆ ಅಡಗಿರುತ್ತವೆ. "ವಟ್ಟೇಲಿ ಏನದೆ ಅಂತ ತೋರಿಸ್ದೆ ಇರೋದ್ನ ನಂಬಬಾರ್ದು ಕಣವ್ವ" ಎನ್ನುತ್ತಿದ್ದ. ಅದರಲ್ಲೂ ಈಗಿನ ಪಿಸ್ತೂಲುಗಳ ಅರ್ಧ ಮೈ ಪ್ಲಾಸ್ಟಿಕ್ ಎಂದು ಯಾರೋ ಹೇಳಿದ ಮೇಲೆ ಮುಗಿದೇ ಹೋಯಿತು. "ಬಿಂದಿಗೆ ಮಾಡೋರೆಲ್ಲ ಪಿಸ್ತೂಲ್ ಮಾಡಕ್ಕೆ ಓಗವ್ರೆ" ಎಂದು ಊರೆಲ್ಲ ಸಾರಿದ.

ಹೀಗೆ ನಗುತ್ತಾ ಇದ್ದ ಮನೆಯಲ್ಲಿ ದೊಡ್ಡಮ್ಮನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತೂ ನಿಂತಿತು. ಮಂಡ್ಯದ ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಹೊಸ ಹಟ ಶುರುವಾಯಿತು. ಸೊಸೆ ಗಂಜಿ ತಂದರೆ ಬಾಯಿ ಬಿಡಳು. ಮಗ ಬೇಡಿಕೊಂಡ, ಆಗಲಿಲ್ಲ. ನಾನು ಮಂಡ್ಯದ ಗುತ್ತಲಿನಿಂದ ಹೋಗಿ, ಶಾಲೆಯಲ್ಲಿ ಮಕ್ಕಳನ್ನು ಗದರಿಸುವ ದನಿಯಲ್ಲೇ ಗದರಿಸಿದೆ. ಮುಖ ಗೋಡೆಗೆ ತಿರುಗಿಸಿದಳು. ದೊಡ್ಡಪ್ಪ ಬಂದು ಕೂತ ತಕ್ಷಣ ಬಾಯಿ ತೆರೆದಳು. ಅವನ ಮುಖ ನೋಡಬೇಕಿತ್ತು. "ನೋಡ್ದೇನವ್ವ? ಲೈಸೆನ್ಸು ನನ್ ಎಸರಲ್ಲೇ ಇರೋದು."

ಆದರೆ ಲೈಸೆನ್ಸ್ ಇದ್ದು ಏನು ಮಾಡುವುದು? ಅವನ ಕೈ ಆಗಲೇ ನಡುಗಲು ಹಿಡಿದಿತ್ತು. ಮೊದಮೊದಲು ಕಾಫಿ ಲೋಟದಲ್ಲಿ ಸಣ್ಣ ಅಲೆ ಏಳುತ್ತಿತ್ತು ಅಷ್ಟೆ. ಈಗ ಚಮಚ ಬಟ್ಟಲಿನಿಂದ ಬಾಯಿಗೆ ಹೋಗುವಷ್ಟರಲ್ಲಿ ಗಂಜಿ ಅವಳ ಗಲ್ಲ, ಕತ್ತು, ಸೆರಗಿನ ಮೇಲೆಲ್ಲ ಬಿದ್ದಿರುತ್ತಿತ್ತು. ಅವಳು ಬಾಯಿ ತೆರೆದುಕೊಂಡು ಕಾಯುತ್ತಿದ್ದಳು, ಚಮಚ ಖಾಲಿ ಬರುತ್ತಿತ್ತು. ದಿನದಿನಕ್ಕೂ ಸೊರಗಿದಳು. ಡಾಕ್ಟರು ಮೂಗಿಗೆ ಪೈಪು ಹಾಕೋಣ ಎಂದರು. "ಒಂದ್ ವಾರ ತಡೀರಿ ಸಾಮಿ, ನಾ ಉಣ್ಣುಸ್ತೀನಿ" ಎಂದು ದೊಡ್ಡಪ್ಪ ಅಂಗಲಾಚಿದ. ಆ ರಾತ್ರಿ ಊಟ ಮುಟ್ಟಲಿಲ್ಲ. ತನ್ನ ಎರಡು ಕೈಯನ್ನೂ ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದ.

ಅದೇ ವಾರ ಮಗ ಕಡ್ಡಿ ಮುರಿದಂತೆ ಹೇಳಿದ: ನಡುಗುವ ಕೈಯಲ್ಲಿ ರಿವಾಲ್ವರ್ ಬೇಡ, ಮಾರಿಬಿಡು. ದೊಡ್ಡಪ್ಪ ಲೈಸೆನ್ಸಿನ ಪುಸ್ತಕ ಹುಡುಕಿ ತೆಗೆದಿಟ್ಟ. ಮೈಸೂರಿನ ಬಂದೂಕಿನ ಅಂಗಡಿಗೆ ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ರಿವಾಲ್ವರಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅಂಗಡಿಯವನು ಅದನ್ನು ಪರೀಕ್ಷಿಸುತ್ತಾ, ಇವನ ಮುಖ ನೋಡಿ ಕನಿಕರವಾಯಿತೋ ಏನೋ, ಯಾರೋ ಮಾರಲು ಬಿಟ್ಟಿದ್ದ ಹಳೆಯ ಪಿಸ್ತೂಲೊಂದನ್ನು ಗುಂಡು ತೆಗೆದು ಮುಂದಿಟ್ಟ.

"ಇದನ್ನ ನೋಡಿ ಯಜಮಾನ್ರೆ. ಒಂದು ಚೂರೂ ಪ್ಲಾಸ್ಟಿಕ್ ಇಲ್ಲ, ಪೂರ್ತಿ ಉಕ್ಕು. ಒಂದು ಹೊಡೆದ್ರೆ ಮುಂದಿನ ಗುಂಡು ತಾನೇ ಬಂದು ಕೂತ್ಕೊಳ್ಳುತ್ತೆ."

ದೊಡ್ಡಪ್ಪ ಬೇಡದ ನೆಂಟನನ್ನು ನೋಡುವ ಹಾಗೆ ನೋಡಿದ. ಆಮೇಲೆ ಎತ್ತಿಕೊಂಡ. ಅಂಗೈಯಗಲದ ಅವನ ರಿವಾಲ್ವರ್ ಎಲ್ಲಿ, ಈ ಭಾರದ ಕಬ್ಬಿಣ ಎಲ್ಲಿ? ಕೈ ಒಮ್ಮೆ ಕೆಳಗೆ ಜಗ್ಗಿತು. ಮತ್ತೆ ಮೇಲೆತ್ತಿ ಗೋಡೆಯ ಕಡೆ ಚಾಚಿದ. ಹಾಗೇ ನಿಂತ. ಎಷ್ಟು ಹೊತ್ತಾದರೂ ಇಳಿಸಲೊಲ್ಲ. ಕೆಳಗಿಟ್ಟ, ಮತ್ತೆ ಎತ್ತಿದ. ಅವನ ಕಣ್ಣಲ್ಲಿ ನೀರು. ಹಾಳಾದ ಮುದುಕನಿಗೆ ಈ ವಯಸ್ಸಿನಲ್ಲಿ ಎರಡನೇ ಸಂಬಂಧವೇ ಎಂದುಕೊಂಡು ಕೇಳಿದೆ, "ತಗೋತೀಯಾ ದೊಡ್ಡಪ್ಪ?"

"ಪಿಸ್ತೂಲು ಯಾವನಿಗ್ ಬೇಕವ್ವ? ಕೈ ನೋಡು. ನಿಂತದೆ."

ನೋಡಿದೆ. ಹೌದು, ಆ ಕೈ ನಡುಗುತ್ತಿರಲಿಲ್ಲ.

"ತೂಕ ಕಣವ್ವ. ಬಾರ ಇದ್ರೆ ನಿಂತ್ಕತದೆ. ಚಮಚ ಅಗುರ, ಅದ್ಕೇ ಕುಣೀತದೆ."

ಪಿಸ್ತೂಲು ಕೆಳಗಿಟ್ಟ. ರಿವಾಲ್ವರ್ ಅಲ್ಲೇ ಬಿಟ್ಟ. ಅದು ಠಾಣೆಯಲ್ಲಿದ್ದಾಗ ಎರಡು ದಿನ ಅಗಲಿ ಇರಲಾರದೆ ಒದ್ದಾಡುತ್ತಿದ್ದವನು ಹಿಂತಿರುಗಿ ಕೂಡ ನೋಡಲಿಲ್ಲ. "ಬಿರ್ರನೆ ಗೆಜ್ಜಲಗೆರೆಗೆ ಓಡಿಸವ್ವ, ಅಲ್ಲಿ ಲೇತು ಅವೆ" ಎಂದ. ಮಧ್ಯೆ ಮಂಡ್ಯದ ಪಾತ್ರೆ ಅಂಗಡಿಯಲ್ಲಿ ಒಂದು ಸ್ಟೀಲ್ ಚಮಚ ತೆಗೆದುಕೊಂಡೆವು. ಲೇತಿನವನಿಗೆ ಕಬ್ಬಿಣದ ದಪ್ಪ ಸಲಾಕೆ ತೋರಿಸಿ, ಅದನ್ನು ಕತ್ತರಿಸಿ ಚಮಚಕ್ಕೆ ಹಿಡಿ ಮಾಡು ಎಂದ. ತುಂಡು ಕತ್ತರಿಸಿದಾಗಲೆಲ್ಲ ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿ, "ಪಿಸ್ತೂಲು ಇನ್ನೂ ವಸಿ ಬಾರ ಇತ್ತು ಕಣ್ಲಾ" ಎನ್ನುತ್ತಿದ್ದ. ಲೇತಿನವನು ನನ್ನ ಮುಖ ನೋಡಿದ. ಅವನ ತಪ್ಪೇನು?

"ಅಲ್ಲ ಗೌಡ್ರೆ, ಇದು ಚಮಚನಾ ಆರೆಕೋಲಾ?"

"ಎಂಡ್ತಿಗೆ ಉಣ್ಣುಸಕ್ಕೆ ಕಣಪ್ಪ. ಕೈ ನಡುಗ್ತದೆ."

ಅವನು ಮತ್ತೆ ತಮಾಷೆ ಮಾಡಲಿಲ್ಲ. ಬೆಸುಗೆ ಹಾಕಿದ ಮೇಲೆ ಚಮಚದ ಅಂಚನ್ನು ಉಜ್ಜಿ ಉಜ್ಜಿ ನಯ ಮಾಡಿ, ತನ್ನ ತುಟಿಗೆ ಒಮ್ಮೆ ತಾಗಿಸಿ ನೋಡಿ ಕೊಟ್ಟ.

ಅವತ್ತು ಸಂಜೆ ಮನೆಯವರೆಲ್ಲ ಹಾಸಿಗೆಯ ಸುತ್ತ ನಿಂತಿದ್ದೆವು. ಚಮಚ ಬಟ್ಟಲಿನಿಂದ ಎದ್ದಿತು, ನಿಧಾನವಾಗಿ ಹೋಯಿತು, ಬಾಯಿ ಸೇರಿತು. ದೊಡ್ಡಮ್ಮ ನುಂಗಿದಳು. ಎಡಗೈಯಿಂದ ಆ ದಪ್ಪ ಹಿಡಿಯನ್ನು ಸವರಿ ನೋಡಿ, ಗಂಡನ ಮುಖ ನೋಡಿ, ನೆಟ್ಟಗಿದ್ದ ಅರ್ಧ ತುಟಿಯಲ್ಲಿ ನಕ್ಕಳು. ಸೊಸೆ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು. ಪೈಪಿನ ಮಾತು ಅಲ್ಲಿಗೆ ನಿಂತಿತು. ಕಬ್ಬು ಕಡಿಯುವ ಕಾಲದವರೆಗೂ ದೊಡ್ಡಮ್ಮ ಆ ಚಮಚದಲ್ಲೇ ಉಂಡಳು. ಆಮೇಲೆ ಒಂದು ಬೆಳಿಗ್ಗೆ ಗಂಜಿ ತಂದಾಗ ಏಳಲಿಲ್ಲ.

ಮಣ್ಣಿಗೆ ಎತ್ತುವ ಮುಂಚೆ ನಮ್ಮಲ್ಲಿ ಸತ್ತವರ ಬಾಯಿಗೆ ಹಾಲು ಬಿಡುತ್ತಾರೆ. ಎಲ್ಲರೂ ವೀಳ್ಯದೆಲೆಯಲ್ಲಿ ಒಂದೊಂದು ತೊಟ್ಟು ಬಿಟ್ಟರು. ದೊಡ್ಡಪ್ಪನ ಸರದಿ ಬಂದಾಗ ಯಾರೋ ಎಲೆ ಚಾಚಿದರು. ಅವನು ಬೇಡವೆಂದು ತಲೆಯಾಡಿಸಿ ಒಳಗೆ ಹೋದ, ಚಮಚ ಹಿಡಿದು ಬಂದ.

"ಎಲೇಲೇ ಬುಡೋ ಅಣ್ಣ, ವೊತ್ತಾಯ್ತದೆ" ಎಂದರು ಹಿರಿಯರೊಬ್ಬರು.

"ತಡೀರ್ಲಾ" ಎಂದು ಅವಳ ಪಕ್ಕ ಕೂತ. ತುಂಬಿದ ಚಮಚ ಎತ್ತಿದ. ಅಷ್ಟು ಜನರ ನಡುವೆ, ಅಷ್ಟು ಅಳುವಿನ ನಡುವೆ, ಆ ಕೈ ಎಳ್ಳಷ್ಟೂ ಅಲುಗಲಿಲ್ಲ. ಹಾಲು ಪೂರ್ತಿ ಬಾಯಿಗೇ ಬಿತ್ತು. ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ತುಟಿಯಂಚಿನಿಂದ ಜಾರಿ ಗಲ್ಲದ ಮೇಲೆ ಇಳಿಯಿತು. ದೊಡ್ಡಪ್ಪ ಅದನ್ನು ತನ್ನ ಟವೆಲಿನಿಂದ ಒರೆಸಿ, ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದ:

"ನಾ ಚೆಲ್ನಿಲ್ಲ ಕಣೆ. ನೀನೇ ನುಂಗ್ನಿಲ್ಲ."