ಮಗಳ ಹಲ್ಲು, ಅಪ್ಪನ ತಂತಿ

ಒಂಬತ್ತು ವರ್ಷದ ತನುಜಳ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿಯಿತ್ತು. ಮಹಾ ಸಂದಿಯೇನಲ್ಲ, ಒಂದು ಕಡಲೆಬೇಳೆ ಹಿಡಿಸಬಹುದು ಅಷ್ಟೇ. ಆದರೆ ಅವಳ ತಾಯಿ ಶೋಭಾರಾಣಿಯ ಕಣ್ಣಿಗೆ ಅದು ಚಿಕ್ಕಬಳ್ಳಾಪುರದ ಬೈಪಾಸ್‌ನಷ್ಟು ಅಗಲವಾಗಿ ಕಾಣುತ್ತಿತ್ತು. "ಈಗ್ಲೇ ಕ್ಲಿಪ್ ಹಾಕಿಸ್ಬೇಕು ರೀ. ಆಮೇಲೆ ಹುಡುಗಿ ನಗೋಕೂ ನಾಚ್ಕೋತಾಳೆ" ಎಂದು ಅವಳು ಗಂಡನ ತಲೆ ತಿನ್ನತೊಡಗಿ ಆರು ತಿಂಗಳಾಗಿತ್ತು.

ಗಂಡ ಚಲಪತಿ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಮಗಳನ್ನು ಎರಡು ಸಲ ದಂತವೈದ್ಯೆ ಸಂಘಮಿತ್ರರ ಹತ್ತಿರ ಕರೆದುಕೊಂಡು ಹೋದ. ಎರಡು ಸಲವೂ ತನುಜ ಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಐಸ್‌ಕ್ರೀಮಿನ ಆಸೆ ತೋರಿಸಿದರೂ ಇಲ್ಲ, ಗದರಿದರೂ ಇಲ್ಲ. "ಬಾಯಿ ತೆಗೆದ್ರೆ ತಾನೇ ನಾನು ನೋಡೋದು?" ಎಂದು ಡಾಕ್ಟರು ಕೈಗವಸು ಬಿಚ್ಚಿಟ್ಟರು.

ಕೊನೆಗೆ ತನುಜಳೇ ಒಂದು ಷರತ್ತು ಹಾಕಿದಳು.

"ನೀನ್ ಮೊದ್ಲು ಹಾಕಿಸ್ಕೋ ಅಪ್ಪ. ಹಾಕಿಸ್ಕೊಂಡು ಒಂದಿನ ಪೂರ್ತಿ ನನ್ ಜೊತೆ ಇರ್ಬೇಕು. ಒಂದ್ಸಲಾನೂ ನೋವು ಅನ್ಬಾರ್ದು. ಅಂದ್ರೆ ನಾನ್ ಬಾಯ್ ತೆಗಿಯೋದೇ ಇಲ್ಲ."

ಚಲಪತಿಯ ಹಲ್ಲುಗಳೇನೋ ನಿಜಕ್ಕೂ ಸೊಟ್ಟ. ಚಿಂತಾಮಣಿಯ ಸಂತೆ ಬಸ್ಸಿನಲ್ಲಿ ಜನ ನಿಂತ ಹಾಗೆ ಒಂದರ ಭುಜಕ್ಕೊಂದು ಒರಗಿ ನಿಂತಿದ್ದವು. ಆದರೆ ನಲವತ್ತೆರಡು ವರ್ಷ ಅವನು ಅವುಗಳ ಜೊತೆ ಸುಖವಾಗಿಯೇ ಇದ್ದ. ಆದ್ದರಿಂದ ಡಾಕ್ಟರನ್ನು ಮೆಲ್ಲಗೆ ಕೇಳಿದ: "ಹೆಸರಿಗೆ ಎರಡು ದಿನ ಅಂಟಿಸಿಬಿಡ್ತೀರಾ?"

"ಇದೇನು ಗಣೇಶನ ಪೆಂಡಾಲ್‌ನ ಸೀರಿಯಲ್ ಸೆಟ್ಟಾ, ಎರಡು ದಿನ ಹಾಕಿ ಬಿಚ್ಚೋಕೆ? ಹೆಸರಿಗೆಲ್ಲ ನಾನು ಹಾಕಲ್ಲ. ನಿಮ್ಮ ಹಲ್ಲಿಗೆ ನಿಜವಾಗ್ಲೂ ಬೇಕು. ದೊಡ್ಡೋರಿಗೂ ಸರಿಹೋಗುತ್ತೆ, ಸ್ವಲ್ಪ ನಿಧಾನ. ಎರಡು ವರ್ಷ ಅಂದ್ಕೊಳ್ಳಿ."

ಎರಡು ವರ್ಷ! ಚಲಪತಿಗೆ ಎದ್ದು ಓಡೋಣ ಅನ್ನಿಸಿತು. ಆದರೆ ಮುಂದೆ ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವ ಚಿತ್ರ ಕಣ್ಣಿಗೆ ಬಂತು. ಒಪ್ಪಿಕೊಂಡ. ಎಕ್ಸ್‌ರೇ ಆಯಿತು, ಹಲ್ಲಿನ ಅಚ್ಚು ತೆಗೆದದ್ದಾಯಿತು, ಕಚೇರಿಗೆ ರಜ ಸಿಕ್ಕ ದಿನ ತಂತಿ ಏರಿತು.

"ಮೂರು ನಾಲ್ಕು ದಿನ ನೋವಿರುತ್ತೆ" ಎಂದರು ಡಾಕ್ಟರು. "ಗಟ್ಟಿ ಪದಾರ್ಥ ಬೇಡ, ಅಂಟೋದು ಬೇಡ. ಕೊಬ್ಬರಿ, ಕಡಲೆಬೀಜ, ಬೆಲ್ಲ, ಕಬ್ಬು ಹತ್ರಾನೂ ಹೋಗ್ಬೇಡಿ. ಮುದ್ದೆ ತಿನ್ನಿ, ನುಂಗಿದ್ರಾಯ್ತು. ನಾಳೆ ಸಂಜೆ ಮಗಳನ್ನ ಕರ್ಕೊಂಡು ಬನ್ನಿ, ಅವಳು ಮನಸ್ಸು ಬದಲಾಯಿಸೋದ್ರೊಳಗೆ ನೋಡಿಬಿಡ್ತೀನಿ."

ಚಲಪತಿ ಹೂಂಗುಟ್ಟಿ ಮನೆಗೆ ಬಂದ. ನಾಳೆ ಎಂದರೆ ಸಂಕ್ರಾಂತಿ ಎಂಬುದು ಅವನಿಗೆ ಹೊಳೆದದ್ದು ಶೋಭಾರಾಣಿ ಅಡುಗೆಮನೆಯಲ್ಲಿ ಕೊಬ್ಬರಿ ಹೆಚ್ಚುತ್ತಾ ಕೂತಿದ್ದನ್ನು ನೋಡಿದಾಗಲೇ. ಪುಣ್ಯಾತ್ಮ, ಕ್ಯಾಲೆಂಡರ್ ನೋಡಿ ರಜ ಹಾಕಿದವನು ಹಬ್ಬ ಯಾವುದು ಅಂತ ನೋಡಬಾರದಿತ್ತೇ? ಡಾಕ್ಟರು ಬೇಡವೆಂದ ಪಟ್ಟಿಯನ್ನೇ ಮುಂದಿಟ್ಟುಕೊಂಡು ಯಾರೋ ಮಾಡಿದಂಥ ಹಬ್ಬ ಅದು.

ಬೆಳಿಗ್ಗೆ ಏಳುವಾಗ ಹಲ್ಲುಗಳೆಲ್ಲ ಒಟ್ಟಾಗಿ ಮುಷ್ಕರ ಹೂಡಿದ್ದವು. ತನುಜ ಹೊಸ ಲಂಗ ಉಟ್ಟು, ಎಳ್ಳು ಬೀರುವ ತಟ್ಟೆ ಹಿಡಿದು, ಅಪ್ಪನ ಕೈಗೆ ಕಬ್ಬಿನ ಚೀಲ ಕೊಟ್ಟಳು.

"ನೋವಾ ಅಪ್ಪ?"

"ಛೆ ಛೆ. ಹೂ ಮುಡ್ಕೊಂಡಂಗಿದೆ ಕಣಮ್ಮ" ಎಂದು ಚಲಪತಿ ಕಷ್ಟಪಟ್ಟು ನಕ್ಕ.

ಮೊದಲನೆಯದು ಎದುರುಮನೆ. ವೆಂಕಟರತ್ನಮ್ಮನವರು ಕೈಗೆ ಕೊಟ್ಟು ಕಳಿಸುವ ಪೈಕಿಯಲ್ಲ. ತಮ್ಮ ಕಣ್ಣೆದುರಿಗೇ ತಿನ್ನಬೇಕು. "ಬಾಯ್ ತೆಗಿಯಪ್ಪ" ಎಂದು ಎಳ್ಳುಬೆಲ್ಲವನ್ನು ತಾವೇ ಹಾಕಹೋದವರು ಹಾಗೇ ನಿಂತುಬಿಟ್ಟರು.

"ಅಯ್ಯೋ ರಾಮ! ಇದೇನಯ್ಯಾ ಬಾಯಿಗೆ ಬೇಲಿ ಹಾಕಿಸ್ಕೊಂಡಿದ್ದೀಯ? ಗಾಡಿಯಿಂದ ಬಿದ್ಯಾ?"

"ಇಲ್ಲಮ್ಮ, ಹಲ್ಲು ನೆಟ್ಟಗಾಗ್ಲಿ ಅಂತ..."

"ಅಟ್ಲಾನಾ, ಹಂಗಾ? ಈ ವಯಸ್ಸಲ್ಲಿ?" ಅವರು ನಂಬಲಿಲ್ಲ. ಆದರೂ ಎಳ್ಳುಬೆಲ್ಲ ಬಾಯಿ ಸೇರಿತು. ಕೊಬ್ಬರಿ ಚೂರು ಹಲ್ಲಿಗೆ ತಾಗಿದ್ದೇ ತಡ, ನೋವು ನೆತ್ತಿಯವರೆಗೆ ಏರಿ ಚಲಪತಿಯ ಕಣ್ಣಲ್ಲಿ ನೀರು ಬಂತು.

"ಅಪ್ಪಾ, ಅಳ್ತಿದ್ದೀಯಾ?"

"ಸಂತೋಷಕ್ಕೆ ಕಣಮ್ಮ. ಅಜ್ಜಿ ಎಷ್ಟು ಪ್ರೀತಿಯಿಂದ ಕೊಟ್ರು ನೋಡು."

ಆ ಮಾತಿಗೆ ಕರಗಿದ ವೆಂಕಟರತ್ನಮ್ಮ ಇನ್ನೊಂದು ಹಿಡಿ ಹಾಕಿದರು.

ಅಪ್ಪ ಮಗಳು ಬೀದಿಯ ತುದಿ ಮುಟ್ಟುವುದರೊಳಗೆ ವೆಂಕಟರತ್ನಮ್ಮನವರ ಫೋನು ತನ್ನ ಕೆಲಸ ಮುಗಿಸಿತ್ತು. ಮೂರನೇ ಮನೆಯಲ್ಲಿ ದವಡೆ ಮುರಿದಿದೆಯಂತೆ ಎಂದು ಮರುಗಿದರು. ಐದನೇ ಮನೆಯಲ್ಲಿ, ಗುಟ್ಕಾ ಬಿಡಿಸೋಕೆ ಹೆಂಡತಿ ಹಾಕಿಸಿದ್ದಂತೆ ಎಂದು ಬುದ್ಧಿ ಹೇಳಿದರು. ಜನ್ಮದಲ್ಲಿ ಅಡಿಕೆ ಚೂರನ್ನೂ ಮುಟ್ಟದ ಚಲಪತಿ ಎಲ್ಲರಿಗೂ ಹೂಂ ಎಂದು ಎಲ್ಲರ ಎಳ್ಳುಬೆಲ್ಲವನ್ನೂ ತಿಂದ. ಬೆಲ್ಲ ತಂತಿಗೆ ಅಂಟಿ, ಎಳ್ಳು ಬೆಲ್ಲಕ್ಕೆ ಅಂಟಿ, ಬಾಯೊಳಗೆ ಇನ್ನೊಂದು ಸಂಕ್ರಾಂತಿಯೇ ನಡೆಯುತ್ತಿತ್ತು.

ಮೂಲೆಮನೆಯ ಮುನಿಶಾಮಪ್ಪ ಶಿಡ್ಲಘಟ್ಟದ ಕಡೆ ತೋಟವಿದ್ದವರು. ಮೊಳದುದ್ದದ ಕಬ್ಬಿನ ಜಲ್ಲೆ ಹಿಡಿದು ಜಗಲಿಯ ಮೇಲೇ ಕಾದಿದ್ದರು.

"ಏನಪ್ಪಾ, ದವಡೆ ಹೋಯ್ತಂತೆ? ಇನ್ಮೇಲೆ ಗಂಜಿನೇ ಗತಿಯಂತೆ? ಪಾಪ."

ಚಲಪತಿ ಹೌದೆಂದು ತಲೆಯಾಡಿಸಿ ಪಾರಾಗುತ್ತಿದ್ದ. ಅಷ್ಟರಲ್ಲಿ ಮಗಳ ಅಭಿಮಾನ ಕೆರಳಿತು.

"ನಮ್ಮಪ್ಪಂಗೆ ಏನೂ ನೋವಿಲ್ಲ ತಾತ! ಕಬ್ಬೂ ತಿಂತಾರೆ. ಅಲ್ವಾ ಅಪ್ಪ?"

ಅವಳು ಕಣ್ಣರಳಿಸಿ ನೋಡುತ್ತಿದ್ದಳು. ಚಲಪತಿ ದೇವರನ್ನು ನೆನೆದು ಜಲ್ಲೆಗೆ ಹಲ್ಲು ಹಾಕಿದ. ಕಟಕ್ ಅಂತು. ಮುರಿದದ್ದು ಕಬ್ಬಲ್ಲ. ಹಲ್ಲಿಗೆ ಅಂಟಿಸಿದ್ದ ಲೋಹದ ಚೂರೊಂದು ಕಿತ್ತು ತಂತಿಯ ಮೇಲೆ ಜೋತಾಡತೊಡಗಿತು. ಕಿರುಚು ಗಂಟಲಿನವರೆಗೆ ಬಂದದ್ದನ್ನು ಅವನು ಕಬ್ಬಿನ ರಸದ ಜೊತೆ ನುಂಗಿಕೊಂಡ.

"ಹೆಂಗಿದೆ?" ಎಂದರು ಮುನಿಶಾಮಪ್ಪ.

"ಶಿಹಿ" ಎಂದ ಚಲಪತಿ, ಜೋತಾಡುವ ಚೂರನ್ನು ನಾಲಗೆಯಿಂದ ತಡೆದುಕೊಂಡು.

ಮಧ್ಯಾಹ್ನ ಸಿಹಿ ಪೊಂಗಲ್ ಮೆತ್ತಗಿದೆಯಲ್ಲ ಎಂದು ಆಸೆಯಿಂದ ಬಾಯಿಗಿಟ್ಟರೆ ಒಳಗೆ ಗೋಡಂಬಿ. ಆದರೂ ಅವನಿಗೆ ಬೇಜಾರಾಗಲಿಲ್ಲ. ಗೆಲುವು ಹತ್ತಿರದಲ್ಲಿತ್ತು. ಸಂಜೆ ಐದೂವರೆಗೆ ತನುಜ ತಾನಾಗಿಯೇ ಚಪ್ಪಲಿ ಮೆಟ್ಟಿಕೊಂಡು, "ಹೋಗಣ ಬಾ ಅಪ್ಪ" ಎಂದಾಗ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಲಪತಿಗೆ ದಿನದ ನೋವೆಲ್ಲ ಸಾರ್ಥಕ ಅನ್ನಿಸಿತು.

ಕ್ಲಿನಿಕ್ಕಿನಲ್ಲಿ ತನುಜ ರಾಣಿಯ ಹಾಗೆ ಕುರ್ಚಿ ಏರಿ ಆ ಎಂದು ಬಾಯಿ ತೆಗೆದಳು. ಡಾಕ್ಟರು ಪುಟ್ಟ ಕನ್ನಡಿ ಹಿಡಿದು ಅತ್ತ ನೋಡಿದರು, ಇತ್ತ ನೋಡಿದರು, ದವಡೆಯನ್ನು ಬೆರಳಿಂದ ಒತ್ತಿ ನೋಡಿ ನಕ್ಕರು.

"ಏನೂ ಬೇಡ."

"ಬೇಡ ಅಂದ್ರೆ?" ಶೋಭಾರಾಣಿಯ ಸ್ವರ ಏರಿತು.

"ಮೇಲಿನ ಕೋರೆಹಲ್ಲು ಇನ್ನೂ ಇಳಿದಿಲ್ಲಮ್ಮ. ಈ ವಯಸ್ಸಿನ ಎಷ್ಟೋ ಮಕ್ಕಳಿಗೆ ಈ ಸಂದಿ ಇರುತ್ತೆ. ಇವಳದ್ದು ಅವು ಬರ್ತಾ ಬರ್ತಾ ತಾನಾಗೇ ಮುಚ್ಕೊಳ್ಳೋ ಥರಾನೇ ಇದೆ. ವರ್ಷಕ್ಕೊಂದ್ಸಲ ತೋರಿಸಿ ಸಾಕು. ಮೊದಲ ದಿನಾನೇ ಬಾಯಿ ತೆಗೆದಿದ್ರೆ ಅವತ್ತೇ ಹೇಳ್ತಿದ್ದೆ."

ಮಗಳಿಗೆ ಏನೂ ಆಗಬೇಕಿಲ್ಲ! ಚಲಪತಿಗೆ ಕುಣಿಯುವಷ್ಟು ಖುಷಿಯಾಯಿತು. ಮರುಕ್ಷಣವೇ ನಾಲಗೆ ತಂತಿಗೆ ತಾಗಿತು.

"ಹಂಗಾದ್ರೆ ನಂದೂ ಬಿಚ್ಬಿಡಿ ಡಾಕ್ಟ್ರೇ."

"ನಿಮ್ಮದು ಬೇರೆ ಲೆಕ್ಕ. ಎರಡು ವರ್ಷ" ಎಂದ ಡಾಕ್ಟರು ಅವನ ಬಾಯೊಳಗೆ ಇಣುಕಿ ಹುಬ್ಬು ಗಂಟಿಕ್ಕಿದರು. "ಕಬ್ಬು ತಿಂದ್ರಾ?"

ಅಷ್ಟರಲ್ಲಿ ಕುರ್ಚಿಯಿಂದ ದೊಡ್ಡ ಅಳು ಕೇಳಿಸಿತು.

"ನಂಗೂ ಕ್ಲಿಪ್ ಬೇಕು! ಅಪ್ಪಂಗೆ ಮಾತ್ರ ಯಾಕೆ? ನಂಗೇ ಅಂತ ಹೇಳಿ ಅಪ್ಪಂಗೆ ಹಾಕಿಸಿಬಿಟ್ರು!"

ಚಲಪತಿ ಗಾಬರಿಯಾದ. ದಿನವಿಡೀ ಹಲ್ಲು ಕಚ್ಚಿ ತಡೆದಿದ್ದ ಮಾತನ್ನು ಹೇಳಲು ಕೊನೆಗೂ ಅಪ್ಪಣೆ ಸಿಕ್ಕಿದಂತಾಯಿತು. "ಬೇಡ ಕಣಮ್ಮ! ನೋವು! ಪ್ರಾಣ ಹೋಗೋ ನೋವು! ಬೆಳಿಗ್ಗೆಯಿಂದ ಸಾಯ್ತಾ ಇದ್ದೀನಿ!"

ತನುಜ ಅಳು ನಿಲ್ಲಿಸಿ ಅವನನ್ನು ದುರುಗುಟ್ಟಿ ನೋಡಿದಳು. "ಸುಳ್ಳು! ಹೂ ಮುಡ್ಕೊಂಡಂಗಿದೆ ಅಂದೆ. ಕಬ್ಬೂ ತಿಂದೆ. ನಂಗೆ ಕೊಡಿಸ್ಬಾರ್ದು ಅಂತ ಈಗ ಸುಳ್ಳ್ ಹೇಳ್ತಿದ್ದೀಯ!"

ಶೋಭಾರಾಣಿಯೂ ಗಂಡನನ್ನು ಸಂಶಯದಿಂದ ನೋಡಿದಳು. ಅಳು ಮತ್ತೆ ಶುರುವಾಯಿತು. ಡಾಕ್ಟರು ಅನುಭವಸ್ಥರು, ಒಂದು ಡಬ್ಬಿ ತೆಗೆದು ಹುಡುಗಿಯ ಮುಂದಿಟ್ಟರು. ಅದರ ತುಂಬ ತಂತಿಯನ್ನು ಹಿಡಿದಿಡುವ ಬಣ್ಣಬಣ್ಣದ ಪುಟ್ಟ ರಬ್ಬರ್ ಬಳೆಗಳು.

"ನೋಡು ಪುಟ್ಟಿ, ಅಪ್ಪನ ಹಲ್ಲಿಗೆ ತಿಂಗಳು ತಿಂಗಳು ಇದನ್ನ ಬದಲಾಯಿಸ್ಬೇಕು. ಯಾವ ಬಣ್ಣ ಅಂತ ಎರಡು ವರ್ಷವೂ ನೀನೇ ಹೇಳ್ಬೇಕು. ಇವತ್ತಿಂದಾನೇ."

ಅಳು ಸ್ವಿಚ್ ಆರಿಸಿದಂತೆ ನಿಂತಿತು. ಚಲಪತಿ ಕುರ್ಚಿಯಲ್ಲಿ ಒರಗಿದ. ಕಿತ್ತ ಚೂರು ಮತ್ತೆ ಅಂಟಿತು. ತನುಜ ಡಾಕ್ಟರ ಪಕ್ಕ ಸ್ಟೂಲಿನ ಮೇಲೆ ನಿಂತು ಒಂದೊಂದೇ ಹಲ್ಲು ತೋರಿಸಿ ಆಜ್ಞೆ ಕೊಡತೊಡಗಿದಳು. ಒಂದಕ್ಕೆ ರಾಣಿ ಪಿಂಕ್, ಒಂದಕ್ಕೆ ಗಿಳಿಹಸಿರು, ಮತ್ತೆ ರಾಣಿ ಪಿಂಕ್.

"ಬಾಯ್ ದೊಡ್ಡದಾಗಿ ತೆಗಿ ಅಪ್ಪ" ಎಂದಳು ಕೊನೆಯ ಹಲ್ಲಿಗೆ ಬಂದಾಗ. "ನಾಳೆ ನೀನೇ ನನ್ನ ಸ್ಕೂಲ್‌ಗೆ ಬಿಡ್ಬೇಕು. ನಮ್ಮ ಕ್ಲಾಸ್ ಎಲ್ರಿಗೂ ತೋರಿಸ್ತೀನಿ."